ದೂರದ ಸವಾರಿಗೆ ಒಗ್ಗುವ ಬೈಕ್ ಸೀಟನ್ನು ಆರಿಸುವ ಬಗೆ

ಬದಲಿ ಸೀಟು ಕೊಳ್ಳಲು ಹೋದವರು ಸಾಮಾನ್ಯವಾಗಿ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಐದು ನಿಮಿಷ ಅದರ ಮೇಲೆ ಕುಳಿತು ನೋಡುತ್ತಾರೆ, ಮೆತ್ತಗಿದ್ದರೆ ಒಳ್ಳೆಯದೆಂದು ತೀರ್ಮಾನಿಸುತ್ತಾರೆ. ಈ ಪರೀಕ್ಷೆಯಲ್ಲಿ ಗೆಲ್ಲುವುದು ತೀರ ಮೃದುವಾದ ಸೀಟು. ಎರಡು ಗಂಟೆಯ ಸವಾರಿಯ ನಂತರ ಹೆಚ್ಚು ನೋಯಿಸುವುದೂ ಬಹುಮಟ್ಟಿಗೆ ಅದೇ. ಕುಳಿತಾಗ ಮೈಭಾರದ ದೊಡ್ಡ ಪಾಲು ಪೃಷ್ಠದೊಳಗಿನ ಎರಡು ಮೂಳೆತುದಿಗಳ ಮೂಲಕ ಕೆಳಗಿಳಿಯುತ್ತದೆ. ಮೃದು ಫೋಮ್ ಆ ಎರಡು ಬಿಂದುಗಳಲ್ಲಿ ಪೂರ್ತಿಯಾಗಿ ಕುಸಿದು, ಮೂಳೆಗಳು ಸೀಟಿನ ತಳದಲ್ಲಿರುವ ಪ್ಲಾಸ್ಟಿಕ್ ತಟ್ಟೆಯ ಮೇಲೇ ಕುಳಿತಂತಾಗುತ್ತದೆ. ಒತ್ತಡ ಬಿದ್ದ ಜಾಗದಲ್ಲಿ ರಕ್ತ ಸರಿಯಾಗಿ ಹರಿಯದೆ ಮೊದಲು ಬಿಸಿ, ಆಮೇಲೆ ಉರಿ, ಕೊನೆಗೆ ಜೋಮು ಕಾಣಿಸಿಕೊಳ್ಳುತ್ತದೆ. ಮೆತ್ತನೆಯ ಸೀಟೆಂದರೆ ಹಿತವಾದ ಸೀಟೆಂಬ ಎಣಿಕೆಯನ್ನು ಮೊದಲು ಬಿಡಬೇಕು. ಸೀಟಿನ ಆಕಾರಕ್ಕೆ ಮೊದಲ ಸ್ಥಾನ, ಫೋಮಿಗೆ ಎರಡನೆಯದು, ಹೊದಿಕೆಗೆ ಕೊನೆಯದು ಎಂಬ ಕ್ರಮದಲ್ಲಿ ಹೋದರೆ ಹಣವೂ ಉಳಿಯುತ್ತದೆ, ಮೈಯೂ ಉಳಿಯುತ್ತದೆ.

ಮೊದಲ ಹಂತ: ನೋವಿನ ಜಾಗವನ್ನು ಗುರುತಿಸಿ

ಈಗಿರುವ ಸೀಟಿನಲ್ಲಿಯೇ ಒಂದು ದೀರ್ಘ ಸವಾರಿ ಮಾಡಿ, ನೋವು ಎಲ್ಲಿ ಬಂತು ಮತ್ತು ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ಎರಡು ವಿವರಗಳಿಲ್ಲದೆ ಸೀಟು ಹುಡುಕಲು ಹೊರಡುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಕುಳಿತ ಇಪ್ಪತ್ತು ಮೂವತ್ತು ನಿಮಿಷದಲ್ಲೇ ಕಸಿವಿಸಿ ಶುರುವಾದರೆ ತಪ್ಪು ಬಹುತೇಕ ಸೀಟಿನ ಆಕಾರದಲ್ಲಿದೆ. ಮೊದಲ ಗಂಟೆ ಚೆನ್ನಾಗಿದ್ದು ಆಮೇಲೆ ನಿಧಾನವಾಗಿ ನೋವು ಏರಿದರೆ ಫೋಮನ್ನು ಶಂಕಿಸಬೇಕು.

ಪೃಷ್ಠದ ಎರಡು ಬಿಂದುಗಳಲ್ಲಿ ಮಾತ್ರ ಚುಚ್ಚಿದಂತಾದರೆ ಫೋಮ್ ತಳ ಮುಟ್ಟುತ್ತಿದೆ, ಇಲ್ಲವೇ ಸೀಟು ನಿಮ್ಮ ಮೂಳೆಗಳ ಅಂತರಕ್ಕಿಂತ ಕಿರಿದಾಗಿದೆ. ತೊಡೆಸಂದಿನಲ್ಲಿ ಜೋಮು ಹಿಡಿದರೆ ಸೀಟು ಮುಂದಕ್ಕೆ ಇಳಿಜಾರಾಗಿ ನಿಮ್ಮನ್ನು ಟ್ಯಾಂಕಿನ ಕಡೆಗೆ ತಳ್ಳುತ್ತಿರಬಹುದು, ಅಥವಾ ಸೀಟಿನ ಮುಂಭಾಗದ ನಡುವಿನ ಉಬ್ಬು ಅಲ್ಲಿ ಹಾದುಹೋಗುವ ನರವನ್ನು ಒತ್ತುತ್ತಿರಬಹುದು. ಈ ಜೋಮನ್ನು ಸಾಮಾನ್ಯ ದಣಿವೆಂದು ತಳ್ಳಿಹಾಕಬಾರದು. ಬೈಕಿನಿಂದ ಇಳಿದು ಬಹಳ ಹೊತ್ತಾದರೂ ಹೋಗದಿದ್ದರೆ ಸೀಟಿನ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕು. ಬಾಲಮೂಳೆ ನೋಯುವುದು ಹೆಚ್ಚಾಗಿ ಕ್ರೂಸರ್ ಬೈಕುಗಳಲ್ಲಿ: ಕಾಲುಗಳು ಮುಂದಕ್ಕೆ ಚಾಚಿರುವುದರಿಂದ ಪಾದಗಳು ಭಾರ ಹೊರುವುದಿಲ್ಲ, ಸೊಂಟ ಹಿಂದಕ್ಕೆ ಮಗುಚಿಕೊಳ್ಳುತ್ತದೆ, ಬೆನ್ನು ಬಾಗುತ್ತದೆ. ಒಳತೊಡೆಯಲ್ಲಿ ಗೆರೆ ಬಿದ್ದಂತೆ ನೋವಿದ್ದರೆ ಸೀಟಿನ ಅಂಚುಗಳು ಚೂಪಾಗಿವೆ. ಮೂಳೆ ನೋಯದೆ ಚರ್ಮ ಮಾತ್ರ ಉರಿಯುತ್ತಿದ್ದರೆ ಬೆವರು, ಉಜ್ಜುವಿಕೆ ಮತ್ತು ಬಟ್ಟೆಯ ಹೊಲಿಗೆಗಳು ಅದಕ್ಕೆ ಕಾರಣವಾಗಿರುತ್ತವೆ.

ಎರಡನೆಯ ಹಂತ: ಸೀಟಿನದಲ್ಲದ ದೋಷಗಳನ್ನು ಬೇರ್ಪಡಿಸಿ

ಕೆಳಬೆನ್ನು, ಭುಜ ಅಥವಾ ಮಣಿಕಟ್ಟು ನೋಯುತ್ತಿದ್ದರೆ ಸೀಟನ್ನು ಬದಲಿಸುವ ಮೊದಲು ಹ್ಯಾಂಡಲ್, ಫುಟ್‌ರೆಸ್ಟ್ ಮತ್ತು ಸಸ್ಪೆನ್ಷನ್‌ಗಳನ್ನು ಪರಿಶೀಲಿಸಬೇಕು. ಕೈ, ಪಾದ, ಪೃಷ್ಠ ಈ ಮೂರೂ ಸೇರಿ ಮೈಭಾರವನ್ನು ಹಂಚಿಕೊಳ್ಳುತ್ತವೆ. ಒಂದರ ಸ್ಥಾನ ತಪ್ಪಿದರೆ ಉಳಿದೆರಡು ಅದರ ಪಾಲನ್ನೂ ಹೊರಬೇಕಾಗುತ್ತದೆ. ಹ್ಯಾಂಡಲ್ ತೀರ ಮುಂದಿದ್ದರೆ ಸವಾರ ತನಗೆ ಅರಿವಿಲ್ಲದೆಯೇ ಮುಂದಕ್ಕೆ ಸರಿದು, ಸೀಟಿನ ಕಿರಿದಾದ ಭಾಗದ ಮೇಲೆ ಕುಳಿತಿರುತ್ತಾನೆ. ಅಂಥವರಿಗೆ ಹ್ಯಾಂಡಲ್ಲನ್ನು ಎರಡು ಮೂರು ಸೆಂಟಿಮೀಟರ್ ಹತ್ತಿರ ತರುವ ಸಣ್ಣ ಬದಲಾವಣೆಯೇ ಹೊಸ ಸೀಟಿಗಿಂತ ಹೆಚ್ಚು ಉಪಕಾರ ಮಾಡುತ್ತದೆ.

ಹಿಂಬದಿ ಶಾಕ್ ಅಬ್ಸಾರ್ಬರ್ ನಿಮ್ಮ ತೂಕಕ್ಕೆ ಹೊಂದಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಹಿಂದಿನ ಚಕ್ರ ನೆಲದಿಂದ ಮೇಲೆದ್ದಿರುವಾಗ ಅದರ ಅಚ್ಚಿನಿಂದ ನೇರ ಮೇಲಿರುವ ಯಾವುದಾದರೂ ಸ್ಥಿರ ಬಿಂದುವಿಗೆ ಎಷ್ಟು ದೂರವಿದೆ ಎಂದು ಅಳೆಯಿರಿ; ಬಳಿಕ ಸವಾರಿಯ ಉಡುಪಿನಲ್ಲಿಯೇ ಬೈಕಿನ ಮೇಲೆ ಕುಳಿತು, ಇನ್ನೊಬ್ಬರಿಂದ ಅದೇ ಅಳತೆಯನ್ನು ಮತ್ತೆ ತೆಗೆಸಿ. ಎರಡರ ವ್ಯತ್ಯಾಸವು ಸಸ್ಪೆನ್ಷನ್‌ನ ಒಟ್ಟು ಚಲನೆಯ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು. ರಸ್ತೆ ಬೈಕುಗಳಲ್ಲಿ ಇದು ಸುಮಾರು 30ರಿಂದ 40 ಮಿಲಿಮೀಟರ್ ಆಗುತ್ತದೆ. ವ್ಯತ್ಯಾಸ ತೀರ ಕಡಿಮೆಯಿದ್ದರೆ ಸ್ಪ್ರಿಂಗ್ ಬಿಗಿಯಾಗಿದೆ ಎಂದರ್ಥ, ಆಗ ಪ್ರತಿ ಗುಂಡಿಯ ಪೆಟ್ಟೂ ನೇರವಾಗಿ ಬೆನ್ನುಮೂಳೆಗೆ ಬರುತ್ತದೆ. ಸಸ್ಪೆನ್ಷನ್ ಮಾಡಬೇಕಾದ ಕೆಲಸವನ್ನು ಕೆಲವೇ ಸೆಂಟಿಮೀಟರ್ ದಪ್ಪದ ಫೋಮ್ ಮಾಡಲಾರದು.

ಉಡುಪಿನ ಮಾತನ್ನು ಇಲ್ಲಿಯೇ ಮುಗಿಸಬಹುದು. ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆ ಕುಳಿತ ಜಾಗಕ್ಕೇ ಬರುತ್ತದೆ. ಹತ್ತಿಯ ಒಳಉಡುಪು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಹೊಲಿಗೆ ಕಡಿಮೆಯಿರುವ, ಬೇಗ ಒಣಗುವ ಕ್ರೀಡಾ ಒಳಉಡುಪನ್ನು ಧರಿಸಿ ಒಮ್ಮೆ ಸವಾರಿ ಮಾಡಿ ನೋಡಿ, ಆಮೇಲೆ ಸೀಟಿನ ವಿಚಾರಕ್ಕೆ ಬನ್ನಿ.

ಮೂರನೆಯ ಹಂತ: ಮೈಯ ಅಳತೆ

ಗಟ್ಟಿಯಾದ ಸ್ಟೂಲಿನ ಮೇಲೆ ಪದರಗಳುಳ್ಳ ರಟ್ಟಿನ ಹಾಳೆಯೊಂದನ್ನು ಇಟ್ಟು, ತೆಳು ಬಟ್ಟೆಯುಟ್ಟು ಅದರ ಮೇಲೆ ನೇರವಾಗಿ ಕುಳಿತು, ಪಾದಗಳನ್ನು ಸ್ವಲ್ಪ ಮೇಲೆತ್ತಿ ಅರ್ಧ ನಿಮಿಷ ಹಾಗೆಯೇ ಇರಿ. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ತಗ್ಗುಗಳು ಮೂಡಿರುತ್ತವೆ. ಅವುಗಳ ನಡುಬಿಂದುಗಳ ಅಂತರವೇ ನಿಮ್ಮ ಕೂರುವ ಮೂಳೆಗಳ ಅಂತರ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್‌ವರೆಗೆ ಇರುತ್ತದೆ. ಸರಾಸರಿಯಲ್ಲಿ ಮಹಿಳೆಯರಿಗೆ ಗಂಡಸರಿಗಿಂತ ಸ್ವಲ್ಪ ಹೆಚ್ಚು. ದಪ್ಪಗಿರುವವರಿಗೆ ಅಗಲ, ತೆಳ್ಳಗಿರುವವರಿಗೆ ಕಿರಿದು ಎಂಬ ನಿಯಮವೇನೂ ಇಲ್ಲ, ಆದ್ದರಿಂದ ಊಹಿಸದೆ ಅಳೆಯಬೇಕು.

ಈ ಅಳತೆಯನ್ನು ಬೈಕಿಗೆ ಅನ್ವಯಿಸುವಾಗ ಕೂರುವ ಭಂಗಿಯನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಆ ಮೂಳೆಗಳು ಹಿಂದುಗಡೆ ಅಗಲವಾಗಿದ್ದು ಮುಂದಕ್ಕೆ ಬಂದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ನೇರವಾಗಿ ಕೂರುವ ಟೂರಿಂಗ್ ಬೈಕಿನಲ್ಲಿ ಅಗಲವಾದ ಹಿಂಭಾಗ ಸೀಟನ್ನು ಮುಟ್ಟುತ್ತದೆ. ಮುಂದಕ್ಕೆ ಬಾಗಿ ಕೂರುವ ಸ್ಪೋರ್ಟ್ಸ್ ಬೈಕಿನಲ್ಲಿ ಕಿರಿದಾದ ಮುಂಭಾಗ ಮುಟ್ಟುತ್ತದೆ. ಒಬ್ಬನೇ ಸವಾರನಿಗೆ ಒಂದು ಬೈಕಿನಲ್ಲಿ ಅಗಲ ಸೀಟು, ಇನ್ನೊಂದರಲ್ಲಿ ಕಿರಿದಾದ ಸೀಟು ಹಿತವಾಗುವುದು ಇದೇ ಕಾರಣಕ್ಕೆ. ಇದರ ಜೊತೆಗೆ ಬೂಟು ತೊಟ್ಟು ತೊಡೆಸಂದಿನಿಂದ ನೆಲದವರೆಗಿನ ಕಾಲಿನ ಉದ್ದವನ್ನೂ, ಉಡುಪು ಮತ್ತು ಬ್ಯಾಗು ಸಹಿತ ತೂಕವನ್ನೂ ಗುರುತು ಹಾಕಿಕೊಳ್ಳಿ. ಫೋಮ್ ಎಷ್ಟು ಗಟ್ಟಿಯಿರಬೇಕೆಂಬುದನ್ನು ನಿರ್ಧರಿಸುವುದು ಈ ತೂಕ.

ನಾಲ್ಕನೆಯ ಹಂತ: ಆಕಾರ

ಹಿತಕರ ಸೀಟಿನ ಗುಟ್ಟು ಬಹುಪಾಲು ಆಕಾರದಲ್ಲಿದೆ. ಒಂದೇ ಭಾರವನ್ನು ಹೆಚ್ಚು ವಿಸ್ತಾರದ ಮೇಲೆ ಹರಡಿದರೆ ಪ್ರತಿ ಬಿಂದುವಿನ ಮೇಲೆ ಬೀಳುವ ಒತ್ತಡ ಇಳಿಯುತ್ತದೆ. ಆದ್ದರಿಂದ ನೀವು ನಿಜವಾಗಿ ಕೂರುವ ಜಾಗದಲ್ಲಿ ಸೀಟಿನ ಸಮತಟ್ಟಾದ ಅಗಲವು ಮೂಳೆಗಳ ಅಂತರಕ್ಕಿಂತ ಎರಡೂ ಬದಿಗೆ ಕೆಲವು ಸೆಂಟಿಮೀಟರ್ ಹೆಚ್ಚಿರಬೇಕು. ಸೀಟಿನ ಒಟ್ಟು ಅಗಲವನ್ನು ನೋಡಿ ಮೋಸಹೋಗಬಾರದು. ಬದಿಗಳು ದುಂಡಾಗಿ ಇಳಿದಿದ್ದರೆ ಆ ಅಗಲದಲ್ಲಿ ಅರ್ಧದಷ್ಟು ಯಾವ ಭಾರವನ್ನೂ ಹೊರುವುದಿಲ್ಲ. ಹೊರಗಣ ತೊಡೆಗಳಿಗೂ ಆಧಾರ ಕೊಡುವ ರೆಕ್ಕೆಯಂಥ ಬದಿಗಳುಳ್ಳ ಸೀಟುಗಳನ್ನು ರಸೆಲ್ ಕಂಪನಿ 'ಡೇ-ಲಾಂಗ್' ಎಂಬ ಹೆಸರಿನಲ್ಲಿ ಮಾಡುತ್ತದೆ. ಅವು ನೋಡಲು ಸೊಗಸಾಗಿಲ್ಲ ಎಂದು ಹಲವರು ಹೇಳುತ್ತಾರೆ, ಆದರೆ ಭಾರ ಹರಡುವ ತತ್ತ್ವ ಅಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.

ಅಗಲಕ್ಕೊಂದು ಮಿತಿಯೂ ಇದೆ. ಸೀಟಿನ ಮುಂಭಾಗ ಅಗಲವಾದಷ್ಟೂ ಕಾಲುಗಳು ಬದಿಗೆ ಕವಲೊಡೆದು, ನೆಲಕ್ಕಿರುವ ದೂರ ಹೆಚ್ಚಾಗುತ್ತದೆ. ಎತ್ತರದ ಅಂಕಿ ಒಂದೇ ಆಗಿರುವ ಎರಡು ಸೀಟುಗಳಲ್ಲಿ ಒಂದರ ಮೇಲೆ ಕುಳಿತಾಗ ಪಾದ ಪೂರ್ತಿ ಊರುತ್ತದೆ, ಮತ್ತೊಂದರಲ್ಲಿ ಬೆರಳ ತುದಿ ಮಾತ್ರ ಮುಟ್ಟುತ್ತದೆ. ವ್ಯತ್ಯಾಸವಿರುವುದು ಮುಂಭಾಗದ ಅಗಲದಲ್ಲಿ. ಮುಂದೆ ಕಿರಿದಾಗಿದ್ದು, ಕೂರುವ ಜಾಗಕ್ಕೆ ಬರುವಷ್ಟರಲ್ಲಿ ಬೇಗನೆ ಅಗಲಗೊಳ್ಳುವ ಸೀಟು ಬಹುಪಾಲು ಸವಾರರಿಗೆ ಹೊಂದುತ್ತದೆ. ಕಚ್ಚಾ ರಸ್ತೆಯಲ್ಲಿ ಆಗಾಗ ಎದ್ದು ನಿಂತು ಓಡಿಸುವವರಿಗಂತೂ ಮುಂಭಾಗ ಕಿರಿದಾಗಿರಲೇಬೇಕು.

ಮುಂದಿನ ಪ್ರಶ್ನೆ ಇಳಿಜಾರಿನದು. ಕಂಪನಿ ಸೀಟುಗಳಲ್ಲಿ ಅನೇಕವು ಟ್ಯಾಂಕಿನ ಕಡೆಗೆ ಇಳಿದಿರುತ್ತವೆ. ಪ್ರತಿ ಬ್ರೇಕಿಗೂ ಸವಾರ ಮುಂದಕ್ಕೆ ಜಾರುತ್ತಾನೆ, ಮತ್ತೆ ಹಿಂದಕ್ಕೆ ಸರಿಯುತ್ತಾನೆ. ಜಾರದಿರಲು ಕೈಯಿಂದ ಹ್ಯಾಂಡಲ್ಲನ್ನು ತಳ್ಳಿಕೊಂಡೇ ಇರುತ್ತಾನೆ. ತೊಡೆಸಂದಿನ ಜೋಮಿಗೂ ಮಣಿಕಟ್ಟಿನ ನೋವಿಗೂ ಎಷ್ಟೋ ಬಾರಿ ಇದೊಂದೇ ಮೂಲವಾಗಿರುತ್ತದೆ. ಬೈಕನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ನೀವು ಕೂರುವ ಜಾಗದಲ್ಲಿ ಉದ್ದುದ್ದವಾಗಿ ಒಂದು ಅಳತೆಪಟ್ಟಿಯನ್ನಿಟ್ಟು, ಅದರ ಮೇಲೆ ಫೋನಿನ ಲೆವೆಲ್ ಆ್ಯಪ್ ಇರಿಸಿ ಕೋನವನ್ನು ನೋಡಿ. ಕೂರುವ ಜಾಗ ಹೆಚ್ಚುಕಡಿಮೆ ಮಟ್ಟಸವಾಗಿರಬೇಕು. ಒಳ್ಳೆಯ ಬದಲಿ ಸೀಟು ಬೇರೇನೂ ಮಾಡದೆ ಈ ಇಳಿಜಾರನ್ನು ಸರಿಪಡಿಸಿದರೂ ಸವಾರಿಯ ಅನುಭವ ಬದಲಾಗುತ್ತದೆ.

ಬೋಗುಣಿಯಂತೆ ಒಳಬಾಗಿದ ಸೀಟು ಒಳ್ಳೆಯದೋ, ಚಪ್ಪಟೆ ಸೀಟು ಒಳ್ಳೆಯದೋ ಎಂಬ ಚರ್ಚೆ ಸವಾರರಲ್ಲಿ ಮುಗಿಯುವುದಿಲ್ಲ. ಒಳಬಾಗಿದ ಸೀಟು ಸೊಂಟಕ್ಕೆ ಹಿಂದಿನಿಂದ ಆಧಾರ ಕೊಡುತ್ತದೆ, ಭಾರವನ್ನು ಚೆನ್ನಾಗಿ ಹರಡುತ್ತದೆ. ಆದರೆ ನಿಮ್ಮನ್ನು ಒಂದೇ ಜಾಗದಲ್ಲಿ ಕೂರಿಸುತ್ತದೆ. ಆ ಜಾಗ ನಿಮ್ಮ ಕಾಲು ಕೈಗಳ ಉದ್ದಕ್ಕೆ ಸರಿಹೊಂದಿದರೆ ಅದಕ್ಕಿಂತ ಹಿತ ಬೇರೆಯಿಲ್ಲ, ಹೊಂದದಿದ್ದರೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಚಪ್ಪಟೆ ಸೀಟಿನಲ್ಲಿ ಅರ್ಧ ಗಂಟೆಗೊಮ್ಮೆ ಹಿಂದೆ ಮುಂದೆ ಸರಿದು ಕುಳಿತರೆ ಒತ್ತಡದ ಬಿಂದು ಬದಲಾಗಿ ರಕ್ತಸಂಚಾರ ಮರಳುತ್ತದೆ. ಅಳತೆಗೆ ತಕ್ಕಂತೆ ಮಾಡಿಸುವವರು ಒಳಬಾಗಿದ ಸೀಟನ್ನು ಆರಿಸಲಿ, ಸಿದ್ಧ ಸೀಟು ಕೊಳ್ಳುವವರು ಚಪ್ಪಟೆಗೆ ಹತ್ತಿರವಾದುದನ್ನು ಆರಿಸಲಿ ಎಂಬುದು ನನ್ನ ಸಲಹೆ. ನಡುವೆ ಉದ್ದಕ್ಕೂ ತಗ್ಗು ಬಿಟ್ಟಿರುವ ಸೀಟುಗಳು ತೊಡೆಸಂದಿನ ಒತ್ತಡವನ್ನು ಇಳಿಸುತ್ತವೆ, ಬಾಲಮೂಳೆ ನೋಯುವವರಿಗೂ ಒದಗುತ್ತವೆ. ತಗ್ಗಿನ ಅಂಚು ನಿಮ್ಮ ಮೂಳೆಯ ಕೆಳಗೇ ಬರುವಷ್ಟು ಅದು ಅಗಲವಾಗಿರದಂತೆ ಮಾತ್ರ ನೋಡಿಕೊಳ್ಳಬೇಕು.

ಇನ್ನು ಎತ್ತರ. ಮಂಡಿ ತೀರ ಮಡಚಿಕೊಂಡು ನೋಯುವ ಎತ್ತರದ ಸವಾರರಿಗೆ ಸೀಟು 20 ಮಿಲಿಮೀಟರ್ ಏರಿದರೂ ಕಾಲಿಗೆ ಬಿಡುವು ಸಿಗುತ್ತದೆ. ಗಿಡ್ಡಗಿರುವವರಿಗಾಗಿ ತಗ್ಗಿಸಿದ ಸೀಟುಗಳು ದೊರೆಯುತ್ತವೆಯಾದರೂ ಅವುಗಳಲ್ಲಿ ಹೆಚ್ಚಿನವನ್ನು ಫೋಮಿನ ದಪ್ಪ ಕಡಿಮೆ ಮಾಡಿಯೇ ತಗ್ಗಿಸಿರುತ್ತಾರೆ, ಆ ಬೆಲೆಯನ್ನು ಪೃಷ್ಠ ತೆರುತ್ತದೆ. ಮುಂಭಾಗದ ಅಗಲವನ್ನು ಇಳಿಸಿ ನೆಲ ಮುಟ್ಟುವಂತೆ ಮಾಡಲು ಸಾಧ್ಯವಿದ್ದರೆ ಅದನ್ನೇ ಮೊದಲು ಪ್ರಯತ್ನಿಸಬೇಕು.

ಐದನೆಯ ಹಂತ: ಫೋಮ್

ಫೋಮಿನ ವಿಷಯದಲ್ಲಿ ಸಾಂದ್ರತೆ ಮತ್ತು ಗಡಸುತನ ಎಂಬ ಎರಡು ಬೇರೆ ಬೇರೆ ಗುಣಗಳನ್ನು ಒಂದೇ ಎಂದು ಭಾವಿಸುವವರು ಬಹಳ. ಸಾಂದ್ರತೆಯೆಂದರೆ ಒಂದು ಘನಮೀಟರ್ ಫೋಮಿನ ತೂಕ; ಅದು ಎಷ್ಟು ಕಾಲ ಬಾಳುತ್ತದೆ, ಎಷ್ಟು ಬೇಗ ಚಪ್ಪಟೆಯಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಗಡಸುತನವೆಂದರೆ ಅದನ್ನು ಇಂತಿಷ್ಟು ಅದುಮಲು ಬೇಕಾಗುವ ಬಲ. ಸಾಂದ್ರತೆ ಹೆಚ್ಚಿದ್ದೂ ಮೃದುವಾಗಿರುವ ಫೋಮ್ ಇದೆ, ಸಾಂದ್ರತೆ ಕಡಿಮೆಯಿದ್ದೂ ಗಡುಸಾಗಿರುವ ಅಗ್ಗದ ಫೋಮೂ ಇದೆ. ನಮಗೆ ಬೇಕಾದುದು ಸಾಂದ್ರತೆ ಹೆಚ್ಚಿರುವ, ಗಡಸುತನ ನಮ್ಮ ತೂಕಕ್ಕೆ ಹೊಂದುವ ಪಾಲಿಯುರೆಥೇನ್ ಫೋಮ್. ಭಾರಿ ಮೈಯವರಿಗೆ ಹಿತವಾದ ಸೀಟು ಹಗುರ ಮೈಯವರಿಗೆ ಹಲಗೆಯಂತೆ ಅನ್ನಿಸುವುದು ಸಹಜ, ಆದ್ದರಿಂದ ಇನ್ನೊಬ್ಬರ ಹೊಗಳಿಕೆಯನ್ನು ಕೇಳುವಾಗ ಅವರ ತೂಕವನ್ನೂ ಕೇಳಬೇಕು.

ಪದರ ಪದರವಾಗಿ ಕಟ್ಟಿದ ಫೋಮ್ ಒಂದೇ ತುಂಡಿನ ಫೋಮಿಗಿಂತ ಮೇಲು. ಕೆಳಗೆ ಭಾರ ಹೊರುವ ಗಡುಸು ಪದರ, ಮೇಲೆ ಮೈಯ ಆಕಾರಕ್ಕೆ ಬಗ್ಗುವ ಒಂದೆರಡು ಸೆಂಟಿಮೀಟರ್ ಮೃದು ಪದರ ಇದ್ದರೆ ಎರಡರ ಪ್ರಯೋಜನವೂ ಸಿಗುತ್ತದೆ. ಸೀಟು ತಳ ಮುಟ್ಟುತ್ತಿದೆಯೇ ಎಂದು ತಿಳಿಯಲು ಅಂಗೈಯ ಬದಲು ಮಂಡಿಯನ್ನು ಬಳಸಿ: ಕೂರುವ ಜಾಗದಲ್ಲಿ ಒಂದು ಮಂಡಿಯೂರಿ ಭಾರವನ್ನೆಲ್ಲ ಅದರ ಮೇಲೆ ಹಾಕಿದಾಗ ಕೆಳಗಿನ ತಟ್ಟೆ ಗಟ್ಟಿಯಾಗಿ ತಾಗಿದರೆ, ಗುಂಡಿಬಿದ್ದ ರಸ್ತೆಯಲ್ಲಿ ನಿಮ್ಮ ಮೂಳೆಗೂ ಅದು ತಾಗುತ್ತದೆ.

ಮೆಮೊರಿ ಫೋಮನ್ನು 1966ರಲ್ಲಿ ನಾಸಾದ ಕೆಲಸಕ್ಕಾಗಿ ಚಾರ್ಲ್ಸ್ ಯೋಸ್ಟ್ ರೂಪಿಸಿದರು. ವಿಮಾನದ ಆಸನಗಳಲ್ಲಿ ಬಳಸುವುದು ಅದರ ಉದ್ದೇಶವಾಗಿತ್ತು. ಶಾಖಕ್ಕೆ ಮೃದುವಾಗಿ ಮೈಯ ಆಕಾರ ತಳೆಯುವುದು ಅದರ ಗುಣ, ಬೈಕಿನಲ್ಲಿ ಅದೇ ಅದರ ಕೊರತೆಯೂ ಹೌದು: ಬಿಸಿಲಿನಲ್ಲಿ ಅತಿಯಾಗಿ ಮೆತ್ತಗಾಗುತ್ತದೆ, ಚಳಿಯಲ್ಲಿ ಗಟ್ಟಿಯಾಗುತ್ತದೆ, ಮತ್ತೆ ಮೇಲೇಳಲು ಸಮಯ ತೆಗೆದುಕೊಳ್ಳುವುದರಿಂದ ಒಂದರ ಹಿಂದೊಂದು ಬರುವ ಪೆಟ್ಟುಗಳನ್ನು ತಡೆಯಲು ಸಾಲದಾಗುತ್ತದೆ. ತೆಳುವಾದ ಮೇಲ್ಪದರವಾಗಿದ್ದರೆ ಚೆನ್ನ, ಇಡೀ ಸೀಟು ಅದೇ ಆಗಿದ್ದರೆ ಬೇಡ.

ಜೆಲ್ ಒತ್ತಡವನ್ನು ಬದಿಗೆ ಹರಡುತ್ತದೆ, ಸಣ್ಣ ಕಂಪನವನ್ನು ತಗ್ಗಿಸುತ್ತದೆ. ಆದರೆ ಅದು ಫೋಮಿನಂತೆ ಕುಗ್ಗುವ ವಸ್ತುವಲ್ಲ, ಅದರೊಳಗೆ ಗಾಳಿಯೂ ಆಡುವುದಿಲ್ಲ. ಬಿಸಿಲಲ್ಲಿ ನಿಂತ ಬೈಕಿನಲ್ಲಿ ಜೆಲ್ ಹೀರಿಕೊಂಡ ಶಾಖ ಬಹಳ ಹೊತ್ತು ಉಳಿಯುತ್ತದೆ. ಫೋಮನ್ನು ಕೊರೆದು ಅದರ ಜಾಗಕ್ಕೆ ಜೆಲ್ ತುಂಡನ್ನು ಕೂರಿಸಿದರೆ ಆ ಭಾಗದಲ್ಲಿ ಫೋಮಿನ ದಪ್ಪ ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬಾರದು.

ಸೀಟಿನ ಮೇಲೆ ಕಟ್ಟುವ ಗಾಳಿದಿಂಬುಗಳು, ಅಂದರೆ ಒಂದಕ್ಕೊಂದು ಕೂಡಿಕೊಂಡ ಸಣ್ಣ ಗಾಳಿಕೋಶಗಳ ದಿಂಬುಗಳು, ಸೀಟು ಬದಲಿಸದೆಯೇ ಪರಿಹಾರ ಬಯಸುವವರಿಗೆ ಒಳ್ಳೆಯ ದಾರಿ. ಅವುಗಳಿಗೆ ಗಟ್ಟಿಯಾಗುವಷ್ಟು ಗಾಳಿ ತುಂಬಿದರೆ ಚೆಂಡಿನ ಮೇಲೆ ಕುಳಿತಂತೆ ಬೈಕಿನ ಹಿಡಿತವೇ ತಪ್ಪುತ್ತದೆ. ಗಾಳಿ ತುಂಬಿ, ಕುಳಿತು, ಮೂಳೆಗಳು ಸೀಟಿನಿಂದ ಒಂದೆರಡು ಸೆಂಟಿಮೀಟರ್ ಮೇಲೆ ಉಳಿಯುವವರೆಗೆ ಗಾಳಿಯನ್ನು ಬಿಡುತ್ತಾ ಬರಬೇಕು. ಎತ್ತರದ ಬೆಟ್ಟದ ದಾರಿ ಹತ್ತುವಾಗ ಹೊರಗಿನ ಗಾಳಿಯ ಒತ್ತಡ ಇಳಿದು ದಿಂಬು ಉಬ್ಬುತ್ತದೆ, ಅಲ್ಲಿ ಮತ್ತೆ ಸ್ವಲ್ಪ ಗಾಳಿ ಬಿಡಬೇಕು.

ಆರನೆಯ ಹಂತ: ಹೊದಿಕೆ

ಒಳ್ಳೆಯ ಫೋಮನ್ನು ಕೆಟ್ಟ ಹೊದಿಕೆ ಹಾಳುಮಾಡಬಲ್ಲದು. ಹಿಗ್ಗದ ರೆಕ್ಸಿನ್ನನ್ನು ಸುಕ್ಕು ಕಾಣಬಾರದೆಂದು ಬಿಗಿದು ಎಳೆದು ಹೊಲಿದರೆ ಭಾರವೆಲ್ಲ ಹೊದಿಕೆಯ ಮೇಲೇ ನಿಂತು, ಕೆಳಗಿನ ಫೋಮ್ ಕೆಲಸ ಮಾಡುವುದೇ ಇಲ್ಲ. ನಾಲ್ಕೂ ದಿಕ್ಕಿಗೆ ಹಿಗ್ಗುವ ವಿನೈಲ್ ಇದ್ದರೆ ಈ ತೊಂದರೆ ಕಡಿಮೆ. ಕೂರುವ ಜಾಗದ ನಟ್ಟನಡುವೆ, ಮೂಳೆಗಳ ಕೆಳಗೆ, ಉಬ್ಬಿದ ಹೊಲಿಗೆ ಅಥವಾ ಅಲಂಕಾರದ ಪೈಪಿಂಗ್ ಇರುವ ಸೀಟನ್ನು ಅಂದಕ್ಕಾಗಿ ಕೊಳ್ಳಬೇಡಿ. ಹೊಲಿಗೆಯ ಸೂಜಿತೂತುಗಳಿಂದಲೇ ಮಳೆನೀರು ಒಳಗಿಳಿಯುವುದರಿಂದ, ಹೊದಿಕೆಯ ಅಡಿಯಲ್ಲಿ ನೀರು ತಡೆಯುವ ತೆಳು ಹಾಳೆ ಇದೆಯೇ ಎಂದು ಕೇಳಿ. ಒಮ್ಮೆ ನೀರು ಕುಡಿದ ಫೋಮ್ ಒಣಗಲು ದಿನಗಳೇ ಬೇಕು.

ಮೇಲ್ಮೈ ಸ್ವಲ್ಪ ಹಿಡಿತ ಕೊಡಬೇಕು, ಆದರೆ ಸರಿದು ಕೂರಲು ಅಡ್ಡಿಯಾಗುವಷ್ಟಲ್ಲ. ಚರ್ಮದ ಹೊದಿಕೆ ಬಳಸುತ್ತ ಹೋದಂತೆ ಮೈಗೆ ಒಗ್ಗುತ್ತದೆ, ಆದರೆ ಆರೈಕೆ ಬೇಡುತ್ತದೆ. ಬೆವರಿನ ತೊಂದರೆಯಿರುವವರು ಸೀಟಿನ ಮೇಲೆ ಗಾಳಿಯಾಡುವ ದಪ್ಪ ಜಾಲರಿ ಹೊದಿಕೆಯನ್ನೋ ಕುರಿಯ ಉಣ್ಣೆಯ ಹಾಸನ್ನೋ ಹಾಕಿಕೊಂಡರೆ ಅಗ್ಗದಲ್ಲಿ ಉಪಶಮನ ದೊರೆಯುತ್ತದೆ.

ಏಳನೆಯ ಹಂತ: ಪೂರ್ತಿ ಸೀಟೇ, ಫೋಮ್ ಮಾತ್ರವೇ?

ಮುಂದೆ ಮೂರು ದಾರಿಗಳಿವೆ. ತಳದ ತಟ್ಟೆ ಸಹಿತ ಪೂರ್ತಿ ಸೀಟನ್ನು ಕೊಂಡರೆ ಕಂಪನಿ ಸೀಟು ಹಾಗೆಯೇ ಉಳಿಯುತ್ತದೆ, ಹತ್ತು ನಿಮಿಷದಲ್ಲಿ ಅದಲು ಬದಲು ಮಾಡಬಹುದು. ಕಾರ್ಬಿನ್, ಸಾರ್ಜೆಂಟ್, ಸ್ಯಾಡಲ್‌ಮೆನ್ ಮೊದಲಾದವರು ಮಾರುವುದು ಹೆಚ್ಚಾಗಿ ಇಂಥವನ್ನು. ಇವುಗಳಲ್ಲಿ ಕಾರ್ಬಿನ್ ಸೀಟುಗಳು ಗಡಸುತನಕ್ಕೆ ಹೆಸರಾದವು. ಮೊದಲ ದಿನವೇ ಅವುಗಳ ಬಗ್ಗೆ ತೀರ್ಪು ಕೊಡಬಾರದು. ಎರಡನೆಯದು, ಹೊಸ ಫೋಮ್ ಮತ್ತು ಹೊದಿಕೆಯನ್ನು ತರಿಸಿ ನಿಮ್ಮದೇ ತಟ್ಟೆಗೆ ಪಿನ್ ಹೊಡೆದು ಕೂರಿಸುವುದು. ಸೀಟ್ ಕಾನ್ಸೆಪ್ಟ್ಸ್ ಇಂಥ ಕಿಟ್‌ಗಳಿಗೆ ಪರಿಚಿತ. ಮೂರನೆಯದು, ಸೀಟು ಹೊಲಿಯುವ ಕುಶಲಿಗಳ ಬಳಿ ಹೋಗಿ ಅಳತೆಗೆ ತಕ್ಕಂತೆ ಮಾಡಿಸಿಕೊಳ್ಳುವುದು. ಮೊದಲ ಮೂರು ಹಂತಗಳಲ್ಲಿ ಬರೆದಿಟ್ಟುಕೊಂಡ ವಿವರಗಳು ಅಲ್ಲಿ ಅತಿ ಹೆಚ್ಚು ಪ್ರಯೋಜನಕ್ಕೆ ಬರುತ್ತವೆ: "ಮೆತ್ತಗೆ ಮಾಡಿಕೊಡಿ" ಎನ್ನುವುದರ ಬದಲು ನೋಯುವ ಜಾಗ, ಮೂಳೆಗಳ ಅಂತರ, ತೂಕ ಇವನ್ನು ಹೇಳಿ, ಸವಾರಿಯ ಉಡುಪಿನಲ್ಲಿ ಬೈಕಿನ ಮೇಲೆ ಕುಳಿತ ಪಕ್ಕನೋಟದ ಫೋಟೋ ತೋರಿಸಿ. ತೋರಿಸಿದ್ದನ್ನು ನೋಡಿಯೂ ಅವರು ಒಂದು ಪ್ರಶ್ನೆಯನ್ನೂ ಕೇಳದಿದ್ದರೆ ಬೇರೊಬ್ಬರನ್ನು ಹುಡುಕುವುದು ಲೇಸು.

ಪೂರ್ತಿ ಸೀಟು ಕೊಳ್ಳುವಾಗ ಅದು ನಿಮ್ಮ ಬೈಕಿನ ಮಾದರಿಗೂ ತಯಾರಾದ ವರ್ಷಕ್ಕೂ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೆಸರು ಒಂದೇ ಇದ್ದರೂ ವರ್ಷದಿಂದ ವರ್ಷಕ್ಕೆ ಚಾಸಿಯ ಕೊಕ್ಕೆಗಳು ಬದಲಾಗಿರುವುದುಂಟು. ಕೂರಿಸಿದ ಮೇಲೆ ಮುಂದಿನ ನಾಲಗೆ ಚಾಸಿಯ ಕೊಕ್ಕೆಯೊಳಗೆ ಸರಿಯಾಗಿ ಸೇರಬೇಕು, ಲಾಕ್ ಬಲವಂತವಿಲ್ಲದೆ ಬೀಳಬೇಕು, ಕೆಳಗಿನ ರಬ್ಬರ್ ಗುಬಟುಗಳೆಲ್ಲ ಚಾಸಿಗೆ ತಾಗಿ ಭಾರ ಹೊರಬೇಕು. ಒಂದು ಗುಬಟು ಗಾಳಿಯಲ್ಲಿ ನಿಂತರೂ ತಟ್ಟೆ ಅಲ್ಲಿ ಬಗ್ಗಿ ಬಿರುಕು ಬಿಡಬಹುದು. ವೈರುಗಳು ಮತ್ತು ಬ್ಯಾಟರಿಯ ಟರ್ಮಿನಲ್ ತಟ್ಟೆಗೆ ಉಜ್ಜುತ್ತಿಲ್ಲವೆಂದೂ ನೋಡಿಕೊಳ್ಳಿ.

ಹಿಂಬದಿ ಸವಾರರು

ಸೀಟು ಆರಿಸುವಾಗ ಹಿಂದೆ ಕೂರುವವರನ್ನು ಕೇಳದೇ ಇರುವುದು ಅನ್ಯಾಯ. ಅವರಿಗೆ ಹಿಡಿದು ಭಾರ ಹಾಕಲು ಹ್ಯಾಂಡಲ್ ಇಲ್ಲ, ಮುಂದೆ ಬರುವ ಗುಂಡಿ ಕಾಣುವುದಿಲ್ಲ, ಮೈಭಾರದ ಹೆಚ್ಚಿನ ಪಾಲು ಸೀಟಿಗೇ ಬೀಳುತ್ತದೆ. ಹಾಗಿದ್ದೂ ಅನೇಕ ಸೀಟುಗಳಲ್ಲಿ ಹಿಂಭಾಗವೇ ಕಿರಿದು, ಹಿಂಭಾಗದ ಫೋಮೇ ತೆಳು. ಹಿಂದಿನ ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಅವರು ಮುಂದಿನವರ ಬೆನ್ನಿಗೆ ಒರಗುತ್ತಲೇ ಇರುತ್ತಾರೆ, ಇಬ್ಬರಿಗೂ ಹಿಂಸೆ. ಇಬ್ಬರೂ ಒಟ್ಟಿಗೆ ಕುಳಿತು ನೋಡದೆ ಸೀಟು ಕೊಳ್ಳಬೇಡಿ.

ಕೊನೆಯ ಹಂತ: ಪರೀಕ್ಷೆ ಮತ್ತು ಒಗ್ಗಿಸಿಕೊಳ್ಳುವಿಕೆ

ಕೊಳ್ಳುವ ಮೊದಲು ಹಿಂತಿರುಗಿಸುವ ಷರತ್ತುಗಳನ್ನು ಬರಹದಲ್ಲಿ ಪಡೆಯಿರಿ. ಸಾಧ್ಯವಾದರೆ ಅದೇ ಸೀಟಿರುವ ಬೈಕಿನ ಮೇಲೆ ಸವಾರಿಯ ಉಡುಪಿನಲ್ಲಿ ಕನಿಷ್ಠ ಒಂದು ಗಂಟೆ ಹೋಗಿಬನ್ನಿ. ಅದಾಗದಿದ್ದರೆ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಅರ್ಧ ಗಂಟೆಯಾದರೂ ಸುಮ್ಮನೆ ಕೂರಿ. ಸೀಟು ಹಾಕಿಸಿದ ಕೂಡಲೇ ಕನ್ನಡಿಗಳನ್ನು ಮತ್ತೆ ಹೊಂದಿಸಿಕೊಳ್ಳಬೇಕು, ಏಕೆಂದರೆ ಕಣ್ಣಿನ ಎತ್ತರ ಬದಲಾಗಿರುತ್ತದೆ. ಬ್ರೇಕ್ ಮತ್ತು ಗೇರ್ ಪೆಡಲುಗಳ ಕೋನವನ್ನೂ ಒಮ್ಮೆ ನೋಡಿಕೊಳ್ಳಿ.

ಗಡುಸು ಫೋಮ್ ಮತ್ತು ಚರ್ಮದ ಹೊದಿಕೆಯುಳ್ಳ ಸೀಟುಗಳು ಮೊದಲ ಸಾವಿರ ಕಿಲೋಮೀಟರ್‌ವರೆಗೂ ಒರಟಾಗಿಯೇ ಇರಬಹುದು, ಆಮೇಲೆ ನಿಧಾನವಾಗಿ ಮೈಗೆ ಹೊಂದಿಕೊಳ್ಳುತ್ತವೆ. ಈ ಅವಧಿಯಲ್ಲಿ ಸವಾರಿಗಳನ್ನು ಸ್ವಲ್ಪ ಸ್ವಲ್ಪವೇ ಉದ್ದಗೊಳಿಸುತ್ತಾ, ಮೊದಲು ಮಾಡಿದಂತೆಯೇ ನೋವಿನ ಜಾಗ ಮತ್ತು ಹೊತ್ತನ್ನು ಬರೆದಿಡಿ. ನೋವು ಶುರುವಾಗುವ ಹೊತ್ತು ದಿನದಿಂದ ದಿನಕ್ಕೆ ಮುಂದೆ ಹೋಗುತ್ತಿದ್ದರೆ ಸೀಟು ಒಗ್ಗುತ್ತಿದೆ, ತಾಳ್ಮೆಯಿಂದಿರಿ. ಅದೇ ಜಾಗದಲ್ಲಿ, ಅಷ್ಟೇ ಹೊತ್ತಿಗೆ ಮತ್ತೆ ಮತ್ತೆ ಬರುತ್ತಿದ್ದರೆ, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ನಿರ್ಧರಿಸಿ. ಹಿಂತಿರುಗಿಸಲು ಆಗದಿದ್ದರೆ ಸೀಟಿನ ಹಿಂದಿನ ಅಥವಾ ಮುಂದಿನ ರಬ್ಬರ್ ಗುಬಟಿನ ಕೆಳಗೆ ತೆಳು ರಬ್ಬರ್ ತುಂಡಿಟ್ಟು ಇಳಿಜಾರನ್ನು ತುಸು ಬದಲಿಸಿ, ಲಾಕ್ ಪೂರ್ತಿ ಬೀಳುತ್ತಿದೆಯೆಂದು ನೋಡಿಕೊಂಡು ಪ್ರಯತ್ನಿಸಬಹುದು. ಯಾವ ಭಾಗದಲ್ಲಿ ಎತ್ತರ ಬೇಕೆಂದು ತಿಳಿಯಲು ಎಂಟು ಹತ್ತು ಮಿಲಿಮೀಟರ್ ದಪ್ಪದ ಫೋಮ್ ಹಾಳೆಯನ್ನು ಹೊದಿಕೆಯ ಮೇಲೆ ಟೇಪಿನಿಂದ ಅಂಟಿಸಿ, ಒಂದು ಸವಾರಿ ಮಾಡಿ, ಜಾಗ ಬದಲಿಸಿ ಮತ್ತೊಂದು ಸವಾರಿ ಮಾಡಿ. ಸರಿಯಾದ ಜಾಗ ಗೊತ್ತಾದ ಮೇಲಷ್ಟೇ ಹೊದಿಕೆ ಬಿಚ್ಚಿಸಿ ಆ ತುಂಡನ್ನು ಒಳಗೆ ಸೇರಿಸಿ ಹೊಲಿಸಿ. ಕಂಪನಿ ಸೀಟನ್ನು ಕತ್ತರಿಸದೆ, ಬಿಸಿಲು ತೇವ ತಾಗದ ಕಡೆ, ಮೇಲೆ ಭಾರ ಹೇರದೆ ಇಟ್ಟಿರಿ; ಹೊಸ ಸೀಟು ದುರಸ್ತಿಗೆ ಹೋದ ದಿನಗಳಲ್ಲಿ ಅದು ಬೇಕಾಗುತ್ತದೆ.